ಮೀನು ಸತ್ತ ಮೇಲೆ ಮಗಳು ಮಾತು ಬಿಟ್ಟಿದ್ದಾಳೆ

ಪ್ರಶ್ನೆ: ನಮ್ಮದು ಕಾಗಿನೆಲೆ ಹತ್ತಿರದ ಹಳ್ಳಿ. ನಾನು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ಒಬ್ಬಳೇ ಮಗಳು, ಏಳನೇ ತರಗತಿ. ಎರಡು ವರ್ಷದ ಹಿಂದೆ ನಮ್ಮ ತಂದೆ ಅವಳಿಗೆ ಕೆರೆಯಿಂದ ಸಣ್ಣ ಸಣ್ಣ ಮೀನು ತಂದು, ಎರಡಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಬಿಟ್ಟುಕೊಟ್ಟಿದ್ದರು. ಮೈಮೇಲೆ ಎರಡು ಕಪ್ಪು ಚುಕ್ಕೆ ಇರುವ ಗೆಂಡೆ ಮರಿಗಳು, ಜೊತೆಗೆ ಒಳಗಿನ ಎಲುಬೆಲ್ಲ ಎಣಿಸಬಹುದಾದ ಒಂದು ಗಾಜಿನಂಥ ಮೀನು. ಅದಕ್ಕೆ ಅವಳು ‘ಕನ್ನಡಿ’ ಅಂತ ಹೆಸರಿಟ್ಟಿದ್ದಳು. ಹೋದ ವರ್ಷ ತಂದೆ ತೀರಿಕೊಂಡರು.

ಮಾರ್ಚ್ ಕೊನೆಗೆ ಅವರ ವರ್ಷದ ಕಾರ್ಯವಿತ್ತು. ನೆಂಟರು ಬರುತ್ತಾರೆ, ತೊಟ್ಟಿಯ ಗಾಜು ಪಾಚಿ ಹಿಡಿದಿದೆ ಎಂದು ಹಿಂದಿನ ದಿನ ನಾನೇ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ, ಹರಳು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ಸೋಪಿನ ಪುಡಿಯಿಂದ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ನಲ್ಲಿ ನೀರು ತುಂಬಿಸಿದೆ. ಸಂಜೆ ಮೀನು ಬಿಟ್ಟೆ. ಬೆಳಗಾಗುವುದರೊಳಗೆ ಎಲ್ಲವೂ ತೇಲುತ್ತಿದ್ದವು. ಮಗಳು ಏಳುವ ಮೊದಲೇ ತಿಪ್ಪೆಗೆ ಹಾಕಿ ಬಂದು, ಬಿಸಿಲಿಗೆ ಸತ್ತವು ಅಂದುಬಿಟ್ಟೆ. ಎರಡು ದಿನ ಬಿಟ್ಟು ನನ್ನ ಹೆಂಡತಿಯ ಬಾಯಿಂದ ಸೋಪಿನ ಸುದ್ದಿ ಹೊರಬಿತ್ತು. “ನೀನ ಕೊಂದಿ, ಮ್ಯಾಲೆ ಸುಳ್ಳು ಬ್ಯಾರೆ ಹೇಳಿದಿ” ಅಂದವಳು ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮೂರು ವಾರವಾಯಿತು. ಊಟ ಅರ್ಧಕ್ಕೆ ಬಿಟ್ಟು ಏಳುತ್ತಾಳೆ.

ಹಾವೇರಿಯಿಂದ ಬಣ್ಣಬಣ್ಣದ ಮೀನು ತಂದೆ, ತಿರುಗಿ ಸಹ ನೋಡಲಿಲ್ಲ. ನಮ್ಮವ್ವ “ಮನಿಗೆ ಬರೋ ಕಂಟಕ ಮೀನಿನ ಮ್ಯಾಲೆ ಹೋತು, ಒಳ್ಳೇದಾತು ಬಿಡು” ಅನ್ನುತ್ತಾಳೆ. ನೆಂಟರು “ಮೀನು ಸಾರು ಉಣ್ಣೋರ ಮನ್ಯಾಗ ಮೀನಿಗೆ ಅಳೋದೇನು” ಅಂತ ನಗುತ್ತಾರೆ. ತಂದ ಮೀನುಗಳನ್ನು ಕೆರೆಗೆ ಬಿಟ್ಟು ಬರಲೇ? ಮಗಳ ಕಾಲು ಹಿಡಿದು ಕ್ಷಮೆ ಕೇಳಲೇ? ನನಗೂ ರಾತ್ರಿ ನಿದ್ದೆ ಬರುತ್ತಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಪತ್ರ ಬರೆಯಲು ನಾಚಿಕೆಯಾಗುತ್ತಿದೆ.

– ಹೆಸರು ಬೇಡ, ಬ್ಯಾಡಗಿ ತಾಲ್ಲೂಕು

ಉತ್ತರ: ನಾಚಿಕೆಪಡುವಂಥದ್ದು ನಿಮ್ಮ ಪತ್ರದಲ್ಲಿ ಏನೂ ಇಲ್ಲ. ಒಬ್ಬಳೇ ಮಗಳು ಮೂರು ವಾರದಿಂದ ಮುಖ ಕೊಟ್ಟು ಮಾತಾಡುತ್ತಿಲ್ಲ ಅಂದರೆ ಯಾವ ತಂದೆಗೂ ನಿದ್ದೆ ಹತ್ತುವುದಿಲ್ಲ. ಸಣ್ಣ ವಿಷಯ ಎಂದು ಕೈ ಬರೆದಿದೆ, ಮನಸ್ಸು ಒಪ್ಪಿಲ್ಲ. ಒಪ್ಪಿದ್ದರೆ ದಿನವಿಡೀ ಅಂಗಡಿಯ ಲೆಕ್ಕ ಬರೆದು ಮನೆಗೆ ಬಂದವರು ಮತ್ತೆ ಪೆನ್ನು ಹಿಡಿಯುತ್ತಿರಲಿಲ್ಲ. ನಿಮಗೆ ಆಗುತ್ತಿರುವ ಸಂಕಟ ಸಹಜವಾದದ್ದು. ಮಗಳಿಗೆ ಆಗುತ್ತಿರುವುದೂ ಅಷ್ಟೇ ಸಹಜ.

ಮೊದಲು ಅವಳ ಕಡೆಯಿಂದ ನೋಡೋಣ. ಅವಳಿಗೆ ಆಗಿರುವ ನೋವು ಒಂದಲ್ಲ. ಎರಡು ವರ್ಷ ದಿನಾ ತಿಂಡಿ ಹಾಕಿ ಸಾಕಿದ ಮೀನುಗಳು ಸತ್ತವು, ಇದು ಒಂದು. ಸತ್ತ ಮೇಲೆ ಒಮ್ಮೆ ನೋಡುವುದಕ್ಕೂ ಆಗಲಿಲ್ಲ, ಅವಳು ಕಣ್ಣುಜ್ಜಿಕೊಂಡು ಬಂದಾಗ ತೊಟ್ಟಿಯಲ್ಲಿ ಬರೀ ನೀರಿತ್ತು, ಇದು ಎರಡು. ನಂಬಿದ ಅಪ್ಪ ಸುಳ್ಳು ಹೇಳಿದರು, ಇದು ಮೂರು. ನನ್ನನ್ನು ಕೇಳಿದರೆ ಮಾತು ನಿಂತಿರುವುದು ಮೂರನೆಯದಕ್ಕೆ. ಅವಳು ಆಡಿದ ಮಾತನ್ನೇ ನೀವು ಬರೆದಿದ್ದೀರಲ್ಲ, ಅದರ ಎರಡನೇ ಅರ್ಧವನ್ನು ಮತ್ತೊಮ್ಮೆ ಓದಿ. ಕೊಂದದ್ದಕ್ಕಿಂತ ‘ಮ್ಯಾಲೆ ಸುಳ್ಳು’ ಅವಳನ್ನು ಹೆಚ್ಚು ಚುಚ್ಚಿದೆ.

ನಾಲ್ಕನೆಯದೂ ಒಂದಿದೆ. ಅದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ: ‘ಹೋದ ವರ್ಷ ತಂದೆ ತೀರಿಕೊಂಡರು.’ ಆ ಮೀನು ತಂದುಕೊಟ್ಟವರು ಅಜ್ಜ. ಅಜ್ಜ ಹೋದ ಮೇಲೆ ಮನೆಯಲ್ಲಿ ಅವರ ಕೈಯಿಂದ ಬಂದದ್ದು, ಇನ್ನೂ ಜೀವಂತವಾಗಿ ಓಡಾಡುತ್ತಿದ್ದದ್ದು ಆ ತೊಟ್ಟಿಯೊಂದೇ. ಅದೂ ಅವರ ವರ್ಷದ ಕಾರ್ಯದ ದಿನವೇ ಖಾಲಿಯಾಯಿತು. ಹನ್ನೆರಡು ವರ್ಷದ ಹುಡುಗಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಮಾತು ಸಾಲುವುದಿಲ್ಲ. ಅದಕ್ಕೇ ಅರ್ಧ ಊಟ, ಅದಕ್ಕೇ ಮೌನ. ಅವಳು ಮೀನಿಗಾಗಿ ಅಳುತ್ತಿದ್ದಾಳೆ, ಮೀನಿನ ನೆಪದಲ್ಲಿ ಅಜ್ಜನಿಗಾಗಿಯೂ ಅಳುತ್ತಿದ್ದಾಳೆ. ದೊಡ್ಡವರೆಲ್ಲ ಅಡುಗೆ, ನೆಂಟರು, ಎಡೆ ಎಂದು ಓಡಾಡುವಾಗ ಮಕ್ಕಳ ದುಃಖವನ್ನು ಕೇಳುವವರು ಇರುವುದಿಲ್ಲ.

ಸಾರು ಉಣ್ಣುವ ಮನೆಯಲ್ಲಿ ಮೀನಿಗೆ ಅಳುವುದೇನು ಎಂದು ನಕ್ಕ ನೆಂಟರ ಮೇಲೆ ಸಿಟ್ಟಾಗಬೇಡಿ. ಆದರೆ ಆ ಮಾತು ಮಗಳ ಕಿವಿಗೆ ಇನ್ನೊಮ್ಮೆ ಬೀಳದ ಹಾಗೆ ನೋಡಿಕೊಳ್ಳಿ. ತಟ್ಟೆಯ ಮೀನಿಗೂ ಹೆಸರಿಟ್ಟು ಸಾಕಿದ ಮೀನಿಗೂ ಇರುವ ವ್ಯತ್ಯಾಸ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಕುರಿ ಸಾಕುವ ಮನೆಯ ಮಕ್ಕಳು ಹಬ್ಬದ ಊಟವನ್ನೂ ಮಾಡುತ್ತಾರೆ, ತಾವು ಹಾಲು ಕುಡಿಸಿ ಬೆಳೆಸಿದ ಮರಿ ಸಂತೆಗೆ ಹೋದಾಗ ಅಳುತ್ತಾರೆ. ಎರಡೂ ನಿಜವೇ.

ನಿಮ್ಮ ತಾಯಿಯವರ ಮಾತು ಬೇರೆ ತರಹದ್ದು. ಮನೆಗೆ ಬರುವ ಕೇಡನ್ನು ಮೀನು ತನ್ನ ಮೇಲೆ ಎಳೆದುಕೊಳ್ಳುತ್ತದೆ ಎಂಬ ನಂಬಿಕೆ ತುಂಬಾ ಮನೆಗಳಲ್ಲಿದೆ. ಅಕ್ವೇರಿಯಂ ಇಡುವವರಲ್ಲಿ ಎಷ್ಟೋ ಜನ ಅದೇ ನಂಬಿಕೆಯಿಂದ ಇಡುತ್ತಾರೆ. ನಿಮ್ಮ ತಾಯಿ ಸಮಾಧಾನಕ್ಕೆಂದೇ ಹಾಗೆ ಅಂದಿದ್ದಾರೆ. ಅವರೂ ಗಂಡನನ್ನು ಕಳೆದುಕೊಂಡು ವರ್ಷವಾಗಿದೆ, ಇನ್ನೊಂದು ಕೇಡು ಬೇಡ ಎಂಬುದು ಅವರ ಮನಸ್ಸಿನ ಆಸೆ. ಆದರೆ ಮಗುವಿಗೆ ಆ ಮಾತು ಹೇಗೆ ಕೇಳಿಸುತ್ತದೆ ಯೋಚಿಸಿ: ‘ನಾವು ಉಳಿಯಲಿ ಅಂತ ನಿನ್ನ ಕನ್ನಡಿ ಸತ್ತಿತು, ಒಳ್ಳೆಯದೇ ಆಯಿತು.’ ತಾಯಿಯವರ ನಂಬಿಕೆಯೊಡನೆ ವಾದಕ್ಕಿಳಿಯಬೇಡಿ. “ಅವ್ವಾ, ಹುಡುಗಿ ಮುಂದ ಆ ಮಾತು ಬ್ಯಾಡ” ಎಂದು ಒಮ್ಮೆ ಮೆಲ್ಲಗೆ ಹೇಳಿದರೆ ಸಾಕು.

ಇನ್ನು ನಿಮ್ಮ ವಿಷಯ. ನೀವು ಕಟುಕರಲ್ಲ. ಅಪ್ಪನ ಕಾರ್ಯಕ್ಕೆ ಮನೆ ಚೊಕ್ಕಟವಾಗಿ ಕಾಣಲಿ ಎಂಬ ಗೌರವದಿಂದ ಮಾಡಿದ ಕೆಲಸ ಅದು. ಪಾತ್ರೆ ಹೇಗೆ ತೊಳೆಯುತ್ತೀರೋ ಹಾಗೇ ತೊಟ್ಟಿ ತೊಳೆದಿದ್ದೀರಿ. ಮೀನಿನ ತೊಟ್ಟಿಯ ಸ್ವಚ್ಛತೆಯ ಲೆಕ್ಕ ಬೇರೆ ಎಂದು ನಿಮಗೆ ಯಾರೂ ಹೇಳಿರಲಿಲ್ಲ. ಏನಾಯಿತು ಎಂಬುದನ್ನು ನೀವು ಸರಿಯಾಗಿ ತಿಳಿದುಕೊಳ್ಳುವುದು ಮುಖ್ಯ, ಏಕೆಂದರೆ ನಾಳೆ ಮಗಳಿಗೆ ವಿವರಿಸಬೇಕಾದವರು ನೀವೇ.

ಮೀನು ತನ್ನ ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತಲೇ ಇರುತ್ತದೆ. ಅದು ಮೀನಿಗೇ ವಿಷ. ಕೆರೆಯಲ್ಲಾದರೆ ನೀರು ಅಪಾರ, ತೊಟ್ಟಿಯಲ್ಲಿ ಹಾಗಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತುಂಬಿದರೆ 56 ಲೀಟರ್ ನೀರು ಹಿಡಿಯುತ್ತದೆ, ಅಷ್ಟೇ. ಅಷ್ಟು ನೀರಲ್ಲಿ ಎರಡು ವರ್ಷ ಮೀನು ಬದುಕಿದ್ದು ಹರಳಿನ ಮೇಲೆ, ಸ್ಪಂಜಿನೊಳಗೆ ತಾವಾಗಿ ಬೆಳೆದಿದ್ದ ಬ್ಯಾಕ್ಟೀರಿಯಾಗಳ ದೆಸೆಯಿಂದ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಹೆಚ್ಚು ತೊಂದರೆ ಕೊಡದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಸೋಪು ಹಾಕಿ ತಿಕ್ಕಿ ಬಿಸಿಲಿಗಿಟ್ಟಾಗ ಅವು ಒಂದೇ ಮಧ್ಯಾಹ್ನದಲ್ಲಿ ಹೋದವು. ಮೇಲಿಂದ ನಲ್ಲಿ ನೀರು. ಪಂಚಾಯಿತಿ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯ ಕ್ಲೋರಿನ್ ನಮ್ಮನ್ನು ರೋಗದಿಂದ ಕಾಯುತ್ತದೆ, ಮೀನಿನ ಕಿವಿರನ್ನು ಸುಡುತ್ತದೆ. ಹರಳಿನ ಸಂದಿಯಲ್ಲಿ ಉಳಿದ ಸೋಪಿನಂಶವೂ ಅದೇ ಕೆಲಸ ಮಾಡುತ್ತದೆ. ಬಕೆಟ್ಟಿನ ನೀರಿಗೂ ಹೊಸ ನೀರಿಗೂ ಇರುವ ಶಾಖದ ವ್ಯತ್ಯಾಸ ಇನ್ನೊಂದು ಪೆಟ್ಟು. ಇಷ್ಟೂ ಒಂದೇ ಸಂಜೆ ಸೇರಿದವು.

ಅಂದರೆ ನಡೆದದ್ದು ತಿಳಿಯದೆ ಆದ ತಪ್ಪು. ತಿಪ್ಪೆಗೆ ಹಾಕಿ ಸುಳ್ಳು ಹೇಳಿದ್ದು ಮಾತ್ರ ತಿಳಿದೂ ಮಾಡಿದ್ದು. ಅದನ್ನೂ ನೀವು ಹೆದರಿಕೆಯಿಂದ, ಮಗಳು ಅಳುವುದನ್ನು ನೋಡಲಾರದೆ ಮಾಡಿದಿರಿ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಿ. ಮೊದಲನೆಯದಕ್ಕೆ ಕಲಿಯುವುದಿದೆ, ಎರಡನೆಯದಕ್ಕೆ ಒಪ್ಪಿಕೊಳ್ಳುವುದಿದೆ. ಎರಡನ್ನೂ ಕಲಸಿ ‘ನಾನು ಕೊಲೆಗಾರ’ ಎಂದುಕೊಂಡು ರಾತ್ರಿಯೆಲ್ಲ ಹೊರಳಾಡುವುದರಿಂದ ಯಾರಿಗೂ ಉಪಯೋಗವಿಲ್ಲ.

ಇನ್ನು ಮಾಡಬೇಕಾದದ್ದನ್ನು ಒಂದೊಂದಾಗಿ ಹೇಳುತ್ತೇನೆ. ಅವಸರ ಬೇಡ.

ಮೊದಲನೆಯದು, ಮಾತು. ಕಾಲು ಹಿಡಿಯುವುದು ಬೇಡ. ತಂದೆ ಮಗಳ ಕಾಲಿಗೆ ಬಿದ್ದರೆ ಅಪ್ಪನನ್ನು ಎಬ್ಬಿಸಿ ಸಮಾಧಾನ ಮಾಡುವ ಭಾರ ಆ ಮಗುವಿನ ಮೇಲೆ ಬೀಳುತ್ತದೆ. ತನ್ನ ದುಃಖವನ್ನು ಬದಿಗಿಟ್ಟು ನಿಮ್ಮದನ್ನು ಹೊರಬೇಕಾಗುತ್ತದೆ. ನೆಂಟರು, ಅಜ್ಜಿ ಯಾರೂ ಇಲ್ಲದ ಹೊತ್ತು ನೋಡಿ. ಊಟದ ಹೊತ್ತೂ ಬೇಡ. ಸಂಜೆ ಕೆರೆ ಏರಿಯ ಮೇಲೆ ಒಂದಿಷ್ಟು ದೂರ ನಡೆಯೋಣ ಬಾ ಎಂದು ಕರೆಯಿರಿ. ಜೊತೆಯಾಗಿ ನಡೆಯುವಾಗ ಮುಖ ನೋಡಬೇಕಾದ ಸಂಕೋಚ ಇರುವುದಿಲ್ಲ. ಬರಲಾರೆ ಅಂದರೆ ಅವಳ ಪಕ್ಕ ಕೂತೇ ಹೇಳಿ. ನಿಮ್ಮ ಮನೆಮಾತಲ್ಲೇ ಹೇಳಿ: “ತೊಟ್ಟಿ ತೊಳದಿದ್ದು ನಾನು. ನಿನ್ನ ಕೇಳಲಿಲ್ಲ. ಸೋಪು ಹಾಕಬಾರದು ಅನ್ನೋದು ನನಗ ಗೊತ್ತಿರಲಿಲ್ಲ. ಆದ್ರ ಬಿಸಿಲಿಗೆ ಸತ್ತವು ಅಂದಿದ್ದು ಸುಳ್ಳು ಅಂತ ಗೊತ್ತಿತ್ತು. ನಿನಗ ನೋಡಾಕೂ ಬಿಡಲಿಲ್ಲ. ಅದು ನನ್ನ ತಪ್ಪು, ಯವ್ವಾ.” ಇಷ್ಟೇ ಸಾಕು. ಇದರ ಬಾಲಕ್ಕೆ ‘ಆದ್ರ ನೀನೂ’, ‘ನಿಮ್ಮವ್ವ ಹೇಳಿದ್ದಕ್ಕ’ ಎಂಬುದನ್ನೆಲ್ಲ ಕಟ್ಟಬೇಡಿ. ಹೇಳಿ ಸುಮ್ಮನಾಗಿ.

ಅವಳು ತಕ್ಷಣ ಕರಗಬೇಕೆಂದು ಕಾಯಬೇಡಿ. ಅಳಬಹುದು, ಸಿಟ್ಟಾಗಬಹುದು, ಏನೂ ಹೇಳದೆ ಎದ್ದು ಹೋಗಬಹುದು. ಆ ದಿನ ಅವಳು ಏನು ಮಾಡಿದರೂ ಅದು ನಿಮ್ಮ ಮಾತಿಗೆ ಕೊನೆಯ ಉತ್ತರವಲ್ಲ. ಮಗಳ ಮುಂದೆ ತಪ್ಪು ಒಪ್ಪಿಕೊಂಡರೆ ಮಾನ ಹೋಗುತ್ತದೆ ಎಂದು ಹೆದರುವ ತಂದೆಯರು ನಮ್ಮಲ್ಲಿ ಬಹಳ. ಹೋಗುವುದಿಲ್ಲ. ಮುಂದೆ ದೊಡ್ಡವಳಾಗಿ ತಾನೊಂದು ತಪ್ಪು ಮಾಡಿದ ದಿನ, ಅದನ್ನು ಮುಚ್ಚಿಡದೆ ನಿಮ್ಮ ಬಳಿ ಬಂದು ಹೇಳುವ ಧೈರ್ಯ ಅವಳಿಗೆ ಬರುವುದು ಇಂಥ ಮಾತಿನಿಂದಲೇ.

ಎರಡನೆಯದು, ಬೀಳ್ಕೊಡುವುದು. ತಿಪ್ಪೆಗೆ ಹೋದದ್ದು ಹೋಯಿತು, ಅದನ್ನು ತಿರುಗಿ ತರಲಾಗದು. ನೆನಪಿಗೊಂದು ಜಾಗ ಮಾಡಿಕೊಡಬಹುದು. ಕನ್ನಡಿಯ ಚಿತ್ರ ಬಿಡಿಸಲು ಅವಳಿಗೆ ಇಷ್ಟವಿದ್ದರೆ ಅಜ್ಜನ ಫೋಟೋ ಪಕ್ಕದಲ್ಲಿಡಿ. ನಿಮ್ಮ ತಂದೆ ಆ ಮೀನು ಹೇಗೆ ಹಿಡಿದರು, ಯಾರ ಬೀಸುಬಲೆಯಲ್ಲಿ ಸಿಕ್ಕಿದ್ದು, ಕೊಡದಲ್ಲಿ ತಂದರೋ ಕ್ಯಾನಿನಲ್ಲೋ ಎಂಬುದನ್ನೆಲ್ಲ ಅವಳಿಗೆ ಹೇಳಿ. ಇದು ಅವಳಿಗಾಗಿ ಮಾತ್ರವಲ್ಲ. ಸತ್ತವರು ನಿಮ್ಮ ಅಪ್ಪ. ಕಾರ್ಯದ ಓಡಾಟದಲ್ಲಿ ನಿಮಗೂ ಅಳಲು ಹೊತ್ತು ಸಿಕ್ಕಿರಲಿಕ್ಕಿಲ್ಲ. ಇಬ್ಬರೂ ಕೂತು ಅವರ ಮಾತು ಆಡಿದರೆ ಇಬ್ಬರ ಎದೆಯೂ ಹಗುರಾಗುತ್ತದೆ.

ಮೂರನೆಯದು, ಹಾವೇರಿಯಿಂದ ತಂದ ಮೀನುಗಳು. ಅವನ್ನು ತಂದದ್ದು ಪ್ರೀತಿಯಿಂದ, ಅದರಲ್ಲಿ ಅನುಮಾನವಿಲ್ಲ. ಆದರೆ ಅವಳಿಗೆ ಅದು ‘ಸತ್ತದ್ದಕ್ಕೆ ಬದಲಿ ಸಿಗುತ್ತದೆ’ ಎಂದು ಕೇಳಿಸಿರಬಹುದು. ಅಜ್ಜನಿಗೆ ಬದಲಿ ಎಲ್ಲಿದೆ ಎಂದು ಅವಳ ಮನಸ್ಸು ಕೇಳಿರಬಹುದು. ಹಾಗೆಂದು ಅವನ್ನು ಕೆರೆಗೆ ಬಿಡಬೇಡಿ. ಈ ಒಂದು ವಿಷಯದಲ್ಲಿ ಮಾತ್ರ ಕಡ್ಡಿ ಮುರಿದಂತೆ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಮೀನುಗಳಲ್ಲಿ ಬಹುಪಾಲು ಹೊರದೇಶದವು. ಗಾಜಿನ ಪಾಚಿ ತಿನ್ನುತ್ತದೆಂದು ‘ಟ್ಯಾಂಕ್ ಕ್ಲೀನರ್’ ಹೆಸರಲ್ಲಿ ಮಾರುವ ಮೀನು ದಕ್ಷಿಣ ಅಮೆರಿಕದ್ದು. ಬೆಳೆದು ತೊಟ್ಟಿ ಸಾಲದಾದಾಗ ಪಾಪ ಎಂದು ಜನ ಅದನ್ನು ಕೆರೆಗೆ ಬಿಟ್ಟರು. ಈಗ ದಕ್ಷಿಣ ಭಾರತದ ಎಷ್ಟೋ ಕೆರೆ, ನದಿಗಳಲ್ಲಿ ಅದೇ ಬಲೆಗೆ ಬಿದ್ದು, ಮುಳ್ಳು ರೆಕ್ಕೆಯಿಂದ ಬಲೆ ಹರಿದು ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯುತ್ತಿದೆ. ಸೊಳ್ಳೆ ಮರಿ ತಿನ್ನಲೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ ಮೀನು ನಮ್ಮ ಸಣ್ಣ ಮೀನುಗಳ ಮರಿಗಳನ್ನೂ ಬಿಡುವುದಿಲ್ಲ. ಅಜ್ಜ ಮೀನು ತಂದ ಕೆರೆಗೇ ಆ ಮೀನಿನ ವೈರಿಯನ್ನು ಬಿಟ್ಟು ಬಂದಂತಾಗುವುದು ಬೇಡ. ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲವೇ ಹಳೆಯ ತೊಟ್ಟಿ ಇಟ್ಟುಕೊಂಡಿರುವ ಪರಿಚಯದವರಿಗೆ ಕೊಡಿ.

ಎರಡೂ ಆಗದಿದ್ದರೆ ಅವನ್ನು ನೀವೇ ಜೋಪಾನ ಮಾಡಿ. ನಿಮ್ಮ ತೊಟ್ಟಿ ಈಗ ಹೊಸ ತೊಟ್ಟಿಯಂತೆಯೇ, ಒಳಗೆ ಬ್ಯಾಕ್ಟೀರಿಯಾ ಇನ್ನೂ ಪೂರ್ತಿ ನೆಲೆಗೊಂಡಿಲ್ಲ. ಅವೂ ಸತ್ತರೆ ಮನೆಯಲ್ಲಿ ಇನ್ನೊಂದು ದುಃಖ. ಎರಡು ಮೂರು ದಿನಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸಿ, ತೊಟ್ಟಿ ಹದಕ್ಕೆ ಬಂದ ಮೇಲೆ ವಾರಕ್ಕೊಮ್ಮೆ ಸಾಕು. ಹಾಕುವ ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಬಕೆಟ್ಟಿನಲ್ಲಿ ತೆರೆದಿಡಿ, ಬ್ಲೀಚಿಂಗ್ ವಾಸನೆ ಹೋಗುತ್ತದೆ. ಬೋರ್‌ವೆಲ್ ನೀರಾದರೂ ಹಾಗೇ ಮಾಡಿ, ಆಗ ತಾನೇ ಮೇಲೆ ಬಂದ ನೀರಲ್ಲಿ ಕರಗಿದ ಆಮ್ಲಜನಕ ಕಡಿಮೆ ಇರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ನೀರು ಒಳ್ಳೆಯದೆಂದು ಪೂರ್ತಿ ಅದನ್ನೇ ತುಂಬಬೇಡಿ, ಮೀನಿಗೆ ಬೇಕಾದ ಲವಣಗಳೂ ಅದರಲ್ಲಿ ಸೋಸಿಹೋಗಿರುತ್ತವೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ, ಸೋಪು ಹತ್ತಿರಕ್ಕೂ ಬೇಡ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿಂಡಿ ಹಾಕಿ. ಮಗಳನ್ನು ಇದಕ್ಕೆ ಕರೆಯಬೇಡಿ, ನೀವು ಮಾಡಿ. ಅವಳು ಬಾಗಿಲ ಸಂದಿಯಿಂದ ನೋಡಿಯೇ ನೋಡುತ್ತಾಳೆ. ಅಪ್ಪ ಈ ಸಲ ಕೇಳಿ ಕಲಿತು ಮಾಡುತ್ತಿದ್ದಾರೆ ಎಂಬುದು ಅವಳಿಗೆ ಬಾಯಿಮಾತಿಗಿಂತ ಹೆಚ್ಚು ತಿಳಿಯುತ್ತದೆ.

ನಾಲ್ಕನೆಯದು, ಮುಂದೆ ಮತ್ತೆ ಮೀನು ಸಾಕುವ ಮಾತು. ಅದನ್ನು ಅವಳ ಬಾಯಿಂದಲೇ ಬರಲು ಬಿಡಿ. ತಿಂಗಳಾಗಬಹುದು, ವರ್ಷವಾಗಬಹುದು, ಬೇಡವೇ ಬೇಡ ಎನ್ನಬಹುದು. ಬೇಕೆಂದರೆ ಬೇಸಿಗೆ ರಜೆ ಅದಕ್ಕೆ ಒಳ್ಳೆಯ ಕಾಲ. ಅಂಗಡಿಯ ಮೀನುಗಳು ಬೇರೆಡೆ ಹೋಗಿದ್ದರೆ ತೊಟ್ಟಿಗೆ ನೀರು ತುಂಬಿ, ಫಿಲ್ಟರ್ ಓಡಿಸುತ್ತಾ, ದಿನಕ್ಕೊಂದು ಚಿಟಿಕೆ ಮೀನಿನ ತಿಂಡಿ ಹಾಕುತ್ತಾ ತಿಂಗಳು, ಒಂದೂವರೆ ತಿಂಗಳು ಬಿಡಿ. ಕೊಳೆತ ತಿಂಡಿಯಿಂದ ಬರುವ ಅಮೋನಿಯಾವನ್ನು ಉಂಡು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆಮೇಲೆ ಒಂದಿಷ್ಟು ನೀರು ಬದಲಿಸಿ ಮೀನು ಬಿಡಬೇಕು. ಹೀಗೆ ಕಾಯುವುದು ಅವಳ ಮನಸ್ಸಿಗೂ ಒಳ್ಳೆಯದು.

ಯಾವ ಮೀನು ಎಂಬುದಕ್ಕೆ ಬಣ್ಣ ನೋಡಿ ಮರುಳಾಗಬೇಡಿ. ಕಾಗಿನೆಲೆಯವರಿಗೆ ಕನಕದಾಸರ ರಾಮಧಾನ್ಯ ಚರಿತೆಯನ್ನು ನಾನು ನೆನಪಿಸಬೇಕಿಲ್ಲ. ಮೇಲಾಟದಲ್ಲಿ ಕೊನೆಗೆ ನಿಂತದ್ದು ಬಿಳಿ ಅಕ್ಕಿಯಲ್ಲ, ಕಪ್ಪು ರಾಗಿ. ಕೆರೆಯ ಮೀನುಗಳ ಕತೆಯೂ ಹಾಗೇ. ಬಣ್ಣ ಹಚ್ಚಿದಂತೆ ಹೊಳೆಯುವ ಕೆಲವು ಮೀನುಗಳಿಗೆ ನಿಜವಾಗಿಯೂ ಸೂಜಿಯಿಂದ ಬಣ್ಣ ಚುಚ್ಚಿರುತ್ತಾರೆ. ಅಕ್ವೇರಿಯಂ ವ್ಯಾಪಾರದಲ್ಲಿ ಆ ಕ್ರೌರ್ಯಕ್ಕೆ ಹೆಚ್ಚು ಬಲಿಯಾದದ್ದು ನಿಮ್ಮ ಮಗಳ ಕನ್ನಡಿಯಂಥ ಗಾಜಿನ ಮೀನುಗಳೇ, ಮೈ ಪಾರದರ್ಶಕವಾದ್ದರಿಂದ ಬಣ್ಣ ಎದ್ದು ಕಾಣುತ್ತದೆ ಎಂದು. ಬಣ್ಣವಿಲ್ಲದ ಕನ್ನಡಿಯನ್ನು ಎರಡು ವರ್ಷ ಪ್ರೀತಿಸಿದ ಹುಡುಗಿಗೆ ಅಂದ ಯಾವುದೆಂದು ಗೊತ್ತಿದೆ.

ಅಜ್ಜ ತಂದುಕೊಟ್ಟದ್ದು ಎಂಥ ಮೀನು ಎಂಬುದನ್ನೂ ಅವಳಿಗೆ ಹೇಳಬಹುದು. ಎರಡು ಚುಕ್ಕೆಯ ಗೆಂಡೆ, ಗಾಜಿನ ಮೀನು, ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇರುವ ಪಟ್ಟೆಯ ಜೀಬ್ರಾ ಮೀನು, ಇವನ್ನೆಲ್ಲ ಒಂದೇ ಪುಸ್ತಕದಲ್ಲಿ 1822ರಲ್ಲಿ ವಿವರಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಬುಕಾನನ್ ಎಂಬ ಹೆಸರಲ್ಲಿ 1800–01ರಲ್ಲಿ ಮೈಸೂರು ಸೀಮೆ, ಕೆನರಾ ಸುತ್ತಿ ಬರೆದವರೂ ಅವರೇ. ಇನ್ನೂ ಹತ್ತಿರದ ಕತೆ ಬೇಕೆಂದರೆ, ತೀರ್ಥಹಳ್ಳಿಯ ತುಂಗಾ ನದಿಯಲ್ಲಿ ಸಿಕ್ಕ ಪಟ್ಟೆಪಟ್ಟೆಯ ಪುಟ್ಟ ಮೀನೊಂದನ್ನು 1920ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಸಿ.ಆರ್. ನಾರಾಯಣರಾವ್. ಬೋಶಿಯಾ ಸ್ಟ್ರಿಯಾಟಾ ಎಂಬ ಆ ಮೀನನ್ನು ಈಗ ದೇಶವಿದೇಶದ ಅಕ್ವೇರಿಯಂಗಳಲ್ಲಿ ಜೀಬ್ರಾ ಲೋಚ್ ಎಂದು ಸಾಕುತ್ತಾರೆ. ಅದು ಸಿಕ್ಕ ತುಂಗೆಯೇ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ನಿಮ್ಮ ರಾಣೆಬೆನ್ನೂರು ಸೀಮೆಗೆ ಹರಿದು ಬರುತ್ತಾಳೆ.

ಆ ಜೀಬ್ರಾ ಲೋಚ್ ಇಂದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ, ಕೆಂಪು ಗೆರೆಯ ಮಿಸ್ ಕೇರಳ ಮೀನೂ ಅದೇ ಪಟ್ಟಿಯಲ್ಲಿದೆ. ಇಂಥವನ್ನು ನದಿಯಿಂದ ಹಿಡಿದು ತರುವುದು ಬೇಡ, ಹಿಡಿದು ತಂದದ್ದನ್ನು ಕೊಳ್ಳುವುದೂ ಬೇಡ. ಕೆರೆಯಲ್ಲಿ ಹೇರಳವಾಗಿರುವ ಸಣ್ಣ ಗೆಂಡೆ ಸಾಕು. ಅವು ಗುಂಪಿನ ಜೀವ, ಒಂದೆರಡಾದರೆ ಬೆದರಿ ಮೂಲೆ ಸೇರುತ್ತವೆ. ಆರೇಳು ಇರಲಿ, ಅದಕ್ಕಿಂತ ಹೆಚ್ಚಾದರೆ 56 ಲೀಟರಿಗೆ ಭಾರ. ಮೇಲೆ ಮುಚ್ಚಳವಿರಲಿ, ಜಿಗಿಯುತ್ತವೆ. ಗಾಜಿನ ಮೀನಿನಲ್ಲಿ ಒಂದು ಜಾತಿ ಜೊತೆಯವರ ಮೈಯ ಹುರುಪೆ ಕಿತ್ತು ತಿನ್ನುತ್ತದೆ, ಒಂದರ ಮೈ ಗಾಯವಾದರೆ ಬೇರೆಯಿಡಿ. ಕೆರೆಯ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆದಾರರನ್ನು ಕೇಳಿಯೇ ತನ್ನಿ. ಮಳೆಗಾಲದ ಆರಂಭ ಅವು ಮೊಟ್ಟೆಯಿಡುವ ಕಾಲ, ಆಗ ಬಿಟ್ಟುಬಿಡಿ. ಸಂದೇಹ ಬಂದರೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಮಗಳನ್ನೂ ಕರೆದುಕೊಂಡು ಹೋಗಿ. ಸಣ್ಣ ಮೀನುಗಳ ಆಯುಷ್ಯ ಹೇಗೂ ಕೆಲವೇ ವರ್ಷ. ಎಷ್ಟು ಚೆನ್ನಾಗಿ ನೋಡಿಕೊಂಡರೂ ಒಂದು ದಿನ ಅವು ಹೋಗುತ್ತವೆ ಎಂಬುದನ್ನು ತರುವ ಮೊದಲೇ ಅವಳಿಗೆ ಹೇಳಿರಿ.

ಕೊನೆಯದಾಗಿ, ಹೊರಗಿನ ಸಹಾಯ. ನೀವು ಮಾತಾಡಿದ ಮೇಲೆ ಒಂದೆರಡು ವಾರದಲ್ಲಿ ಅವಳ ಊಟ, ನಿದ್ದೆ, ಆಟ ನಿಧಾನಕ್ಕೆ ಹಾದಿಗೆ ಬರಬೇಕು. ಬಾರದಿದ್ದರೆ, ಗೆಳತಿಯರಿಂದಲೂ ದೂರವಾಗಿ ಕೂತರೆ, ಶಾಲೆಗೆ ಹೋಗಲಾರೆ ಎಂದರೆ ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಕೇಳಿಕೊಂಡು ಹೋಗಿ, ಇಲ್ಲವೇ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಲ್ಲ. ‘ಅಜ್ಜನ ಕಡೆ ನಾನೂ ಹೋಗ್ತೀನಿ’ ಎಂಬಂಥ ಮಾತು ಬಂದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ, ಅವಳನ್ನು ಒಬ್ಬಳನ್ನೇ ಬಿಡದೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ನಿಮಗೂ ಇದೆ. ತಂದೆಯನ್ನು ಕಳೆದುಕೊಂಡ ವರ್ಷದಲ್ಲಿ ನಿದ್ದೆ ಕೆಟ್ಟಿದೆ ಅಂದರೆ ಮೀನೊಂದೇ ಕಾರಣವಿರಲಾರದು. ಅವಳ ಶಾಲೆಯ ಟೀಚರಿಗೂ ವಿಷಯ ತಿಳಿಸಿ.

ಇದನ್ನು ಓದುತ್ತಿರುವ ಉಳಿದ ತಂದೆತಾಯಂದಿರಿಗೂ ಒಂದು ಮಾತು. ನಾಯಿಮರಿಯೋ, ಕರುವೋ, ಗಿಣಿಯೋ, ಒಂದು ಬೊಗಸೆ ನೀರಿನ ಮೀನೋ, ಸಾಕಿದ ಜೀವ ಸತ್ತಾಗ ಮಕ್ಕಳಿಂದ ಮುಚ್ಚಿಡಬೇಡಿ. ಊರಿಗೆ ಹೋಗಿದೆ, ಓಡಿಹೋಯಿತು ಎಂದೆಲ್ಲ ಕಟ್ಟುಕತೆ ಹೇಳಬೇಡಿ. ಸತ್ತದ್ದನ್ನು ತೋರಿಸಿ, ಅಳಲು ಬಿಡಿ, ಮಣ್ಣು ಮಾಡುವಾಗ ಜೊತೆಗೆ ಕರೆದುಕೊಂಡು ಹೋಗಿ. ಸಾವನ್ನು ತಡೆದುಕೊಳ್ಳುವ ಶಕ್ತಿ ಮಕ್ಕಳಿಗೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ. ಮನೆಯವರೇ ಮೋಸ ಮಾಡಿದರು ಎಂಬುದನ್ನು ತಡೆದುಕೊಳ್ಳುವುದು ಅವರಿಗೆ ಕಷ್ಟ.

ನಿಮ್ಮ ಮಗಳು ಸಿಟ್ಟಾಗಿರುವುದು ನಿಮ್ಮನ್ನು ಇನ್ನೂ ತನ್ನ ಅಪ್ಪ ಎಂದೇ ನಂಬಿರುವುದರಿಂದ. ಬೇರೆ ಯಾರೋ ಸುಳ್ಳು ಹೇಳಿದ್ದರೆ ಅವಳು ಮೂರು ವಾರ ಮಾತು ಬಿಡುತ್ತಿರಲಿಲ್ಲ. ಹೊಸ ಮೀನಿನ ಯೋಚನೆ ಸದ್ಯ ಬದಿಗಿಡಿ. ಇವತ್ತು ಅಂಗಡಿಯಿಂದ ಸ್ವಲ್ಪ ಬೇಗ ಮನೆಗೆ ಹೋಗಿ, ಅವಳ ಜೊತೆ ಮಾತಾಡಿ.